ರದ್ದಿಯೋ, ರತ್ನವೋ? ಹಳೆಯ ಕಾಮಿಕ್ಸ್‌ಗೆ ನ್ಯಾಯದ ಬೆಲೆ

ಬೇಸಿಗೆ ರಜೆ ಬಂತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಹಳೆಯ ಸಂದೂಕುಗಳು ಹೊರಬರುತ್ತವೆ. ಹರಿದ ನೋಟುಬುಕ್ಕು, ತುಕ್ಕು ಹಿಡಿದ ಕಂಪಾಸುಪೆಟ್ಟಿಗೆಗಳ ಕೆಳಗೆ ಒಂದು ಕಟ್ಟು ಚಿತ್ರಕಥೆಯ ಪುಸ್ತಕಗಳೂ ಸಿಗುವುದುಂಟು. ಫ್ಯಾಂಟಮ್, ಮ್ಯಾಂಡ್ರೇಕ್, ಅಮರ ಚಿತ್ರಕಥೆ, ಚಂದಮಾಮ. ಓಣಿಗೆ ಬಂದ ರದ್ದಿಯವನು ಅದನ್ನೂ ದಿನಪತ್ರಿಕೆಯ ಜೊತೆಗೆ ತಕ್ಕಡಿಗೆ ಹಾಕುತ್ತಾನೆ. ಅಷ್ಟರಲ್ಲಿ ಕಾಲೇಜಿಗೆ ಹೋಗುವ ಮಗ ಮೊಬೈಲ್ ಹಿಡಿದು ಓಡಿ ಬರುತ್ತಾನೆ: "ಅಪ್ಪಾ, ತಡೀರಿ! ಇಂಥ ಒಂದು ಪುಸ್ತಕಕ್ಕ ಸಾವಿರಾರು ರೂಪಾಯಿ ಅಂತ ಹಾಕ್ಯಾರ."

ಇವರಿಬ್ಬರಲ್ಲಿ ಯಾರು ಸರಿ? ಕಿಲೋ ಲೆಕ್ಕದ ರದ್ದಿಯವನೋ, ಸಾವಿರದ ಲೆಕ್ಕದ ಮಗನೋ? ಬಹಳ ಸಲ ಇಬ್ಬರೂ ಸರಿಯಲ್ಲ. ನಿಜವಾದ ಬೆಲೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ಕಂಡುಕೊಳ್ಳಲು ಸ್ವಲ್ಪ ಇತಿಹಾಸ, ಸ್ವಲ್ಪ ರಸಾಯನಶಾಸ್ತ್ರ, ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರ ಇಷ್ಟಿದ್ದರೆ ಸಾಕು. ಇವುಗಳ ಜೊತೆಗೆ ಬೇಕಾದ ಇನ್ನೊಂದು ವಸ್ತು ಪ್ರಾಮಾಣಿಕತೆ. ಅದು ಯಾವ ಪಠ್ಯಪುಸ್ತಕದಲ್ಲೂ ಅಂಕಗಳಿಗೆ ಬರುವುದಿಲ್ಲ.

ಚಿತ್ರಕಥೆಯ ಚರಿತ್ರೆ

ನಮ್ಮಲ್ಲಿ ಸಂಗ್ರಾಹಕರು ಹೆಚ್ಚಾಗಿ ಹುಡುಕುವುದು ಮೂರು ಬಗೆಯ ಹಳೆಯ ಪ್ರಕಟಣೆಗಳನ್ನು. ಮೊದಲನೆಯದು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚಿನಲ್ಲಿ ಇದನ್ನು ಆರಂಭಿಸಿ 1990ರಲ್ಲಿ ನಿಲ್ಲಿಸಿತು. ಇಂಗ್ಲಿಷ್, ಹಿಂದಿಯ ಜೊತೆಗೆ ಕನ್ನಡ, ಮರಾಠಿ ಮುಂತಾದ ಭಾಷೆಗಳಲ್ಲೂ ಬಂತು. ಆಬಿದ್ ಸೂರತಿ ಅವರು ಸೃಷ್ಟಿಸಿದ ದೇಶೀ ನಾಯಕ 'ಬಹಾದ್ದೂರ್' 1976ರಲ್ಲಿ ಕಾಣಿಸಿಕೊಂಡದ್ದು ಇದರಲ್ಲಿಯೇ. ಮೂರು ರಾಜ್ಯಗಳ ಗಡಿಯಲ್ಲಿರುವ ನಮ್ಮ ಜಿಲ್ಲೆಯ ಸಂದೂಕುಗಳಲ್ಲಿ ಒಂದೇ ಫ್ಯಾಂಟಮ್ ಎರಡು ಮೂರು ಭಾಷೆ ಮಾತನಾಡಿದರೆ ಆಶ್ಚರ್ಯಪಡಬೇಕಾಗಿಲ್ಲ.

ಎರಡನೆಯದು ಅಮರ ಚಿತ್ರಕಥೆ. ಇದರ ಹಿಂದೆ ನಿಂತವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ (1929–2011). ಅವರು ಓದಿದ್ದು ರಸಾಯನಶಾಸ್ತ್ರ, ಭೌತಶಾಸ್ತ್ರ ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಖುಷಿ ಕೊಡುವ ಸಂಗತಿ. ಇಂಗ್ಲಿಷಿನಲ್ಲಿ ಅವರ 'ಕೃಷ್ಣ' ಬಂದಾಗ ಅದರ ಮೇಲಿದ್ದ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ? 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಆ ಹತ್ತು ಮೊದಲು ಕನ್ನಡದಲ್ಲಿ ಬಂದಿದ್ದವು. ಅವು ಪಾಶ್ಚಾತ್ಯ ಮಕ್ಕಳ ಕಥೆಗಳು. ಇಂದು ಈ ಹತ್ತರಲ್ಲಿ ಒಂದು ಸಿಕ್ಕರೂ ಸಂಗ್ರಾಹಕನ ಕಣ್ಣು ಅರಳುತ್ತದೆ.

ಮೂರನೆಯದು ಚಂದಮಾಮ. ನಾಗಿರೆಡ್ಡಿ–ಚಕ್ರಪಾಣಿ ಜೋಡಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಹೊರತಂದ ಈ ಮಾಸಪತ್ರಿಕೆ 1948ರಲ್ಲಿ ಕನ್ನಡಕ್ಕೂ ಬಂತು. ಇದು ಪೂರ್ತಿ ಕಾಮಿಕ್ಸ್ ಅಲ್ಲ. ಆದರೆ ಎಂ.ಟಿ.ವಿ. ಆಚಾರ್ಯರಂಥ ಕಲಾವಿದರ ಮುಖಪುಟಗಳಿಗಾಗಿಯೇ ಹಳೆಯ ಸಂಚಿಕೆಗಳನ್ನು ಕೂಡಿಡುವವರಿದ್ದಾರೆ.

ಹಳೆಯದೆಲ್ಲ ಹೊನ್ನಲ್ಲ

ಅಮೆರಿಕದಲ್ಲಿ 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 'ಆಕ್ಷನ್ ಕಾಮಿಕ್ಸ್' ಒಂದನೆಯ ಸಂಚಿಕೆಯ ಬೆಲೆ 10 ಸೆಂಟ್. ಅದರ ಒಂದು ಪ್ರತಿ 2024ರ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಕಾರಣ ವಯಸ್ಸೊಂದೇ ಅಲ್ಲ. ಮಕ್ಕಳು ಓದಿ ಹರಿದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆಯ ಕಾಗದ ಸಂಗ್ರಹಿಸುವ ಚಳವಳಿಗೆ ರಾಶಿಗಟ್ಟಲೆ ಕೊಟ್ಟರು. ಉಳಿದವು ಕೆಲವೇ ಪ್ರತಿಗಳು, ಬೇಕೆನ್ನುವವರು ಬಹಳ ಮಂದಿ.

ಇದಕ್ಕೆ ವಿರುದ್ಧವಾದ ಪಾಠವೂ ಅಲ್ಲಿಯೇ ಇದೆ. 1992ರ ಕೊನೆಯಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಬಂತು. ಮುಂದೆ ಬಂಗಾರವಾಗುತ್ತದೆಂದು ಜನ ಒಬ್ಬೊಬ್ಬರೇ ಹಲವು ಪ್ರತಿ ಕೊಂಡು, ಕವರು ಸಹ ಬಿಚ್ಚದೆ ಕಾಪಾಡಿದರು. ಎಲ್ಲರೂ ಕಾಪಾಡಿದ್ದರಿಂದಲೇ ಅದು ಅಪರೂಪವಾಗಲಿಲ್ಲ, ಬೆಲೆಯೂ ಏರಲಿಲ್ಲ. ಆ ಸಟ್ಟಾ ವ್ಯಾಪಾರದ ಗುಳ್ಳೆ ಒಡೆದು ಎಷ್ಟೋ ಅಂಗಡಿಗಳು ಮುಚ್ಚಿದವು. ಮಾರ್ವೆಲ್‌ನಂಥ ದೊಡ್ಡ ಕಂಪನಿಯೇ 1996ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು.

ಆದ್ದರಿಂದ ಬೆಲೆ ನಿಲ್ಲುವುದು ಮೂರು ಕಾಲಿನ ಮೇಲೆ: ಉಳಿದಿರುವ ಪ್ರತಿಗಳು ಎಷ್ಟು, ಬೇಕೆನ್ನುವವರು ಎಷ್ಟು, ಪ್ರತಿಯ ಸ್ಥಿತಿ ಹೇಗಿದೆ. ಒಂದು ಕಾಲು ಮುರಿದರೂ ಮಣೆ ವಾಲುತ್ತದೆ.

ವಯಸ್ಸು ಪತ್ತೆ ಮಾಡುವುದು ಹೇಗೆ?

ಅಮರ ಚಿತ್ರಕಥೆ ಮತ್ತೆ ಮತ್ತೆ ಮುದ್ರಣಗೊಂಡಿದೆ. ಮೊದಲ ಮುದ್ರಣಕ್ಕೂ ಹತ್ತನೆಯ ಮುದ್ರಣಕ್ಕೂ ಚಿತ್ರ ಒಂದೇ ಇರಬಹುದು, ಬೆಲೆ ಒಂದೇ ಅಲ್ಲ. ಮುದ್ರಣದ ವರ್ಷ ಕಾಣದಿದ್ದರೆ ಪತ್ತೇದಾರನಂತೆ ಸುಳಿವು ಹುಡುಕಬೇಕು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಗಳ ಪಿನ್‌ಕೋಡ್ ಇದೆಯೇ? ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹಾಗಾದರೆ ಆ ಪ್ರತಿ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. 'ಮೈಸೂರು ರಾಜ್ಯ' ಎಂದಿದೆಯೇ? ಅದು ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಬಾಂಬೆ ಅಧಿಕೃತವಾಗಿ ಮುಂಬೈ ಆದದ್ದು 1995ರಲ್ಲಿ. ಹಿಂಬದಿಯ ಜಾಹೀರಾತು, ಅದರಲ್ಲಿ ಪಟ್ಟಿ ಮಾಡಿದ ಇತರ ಪುಸ್ತಕಗಳ ಸಂಖ್ಯೆ, ಮುಖಬೆಲೆ ಇವೂ ಸಾಕ್ಷಿ ಹೇಳುತ್ತವೆ. ಪಟ್ಟಿಯಲ್ಲಿ 200ನೆಯ ಪುಸ್ತಕದ ಹೆಸರಿರುವಾಗ ಕೈಯಲ್ಲಿರುವ 20ನೆಯ ಸಂಖ್ಯೆ ಮೊದಲ ಮುದ್ರಣವಾಗುವುದು ಹೇಗೆ?

ಖಚಿತವಾಗಿ ಗೊತ್ತಾಗದಿದ್ದರೆ 'ಮುದ್ರಣ ಯಾವುದೆಂದು ತಿಳಿದಿಲ್ಲ' ಎಂದೇ ಬರೆಯಬೇಕು. ಊಹೆಯನ್ನು ಸತ್ಯವೆಂದು ಮಾರುವುದು ಮೋಸದ ಮೊದಲ ಮೆಟ್ಟಿಲು.

ಕಾಗದ ಏಕೆ ಹಳದಿಯಾಗುತ್ತದೆ?

ಅಗ್ಗದ ಕಾಮಿಕ್ಸ್ ಮುದ್ರಣವಾಗುತ್ತಿದ್ದುದು ಮರದ ತಿರುಳಿನ ಕಾಗದದ ಮೇಲೆ. ಅದರಲ್ಲಿ ಸೆಲ್ಯುಲೋಸ್ ಜೊತೆಗೆ ಲಿಗ್ನಿನ್ ಎಂಬ ವಸ್ತುವೂ ಉಳಿದಿರುತ್ತದೆ. ಬೆಳಕು ಮತ್ತು ಆಮ್ಲಜನಕ ತಾಗಿದಾಗ ಲಿಗ್ನಿನ್ ಬದಲಾಗಿ ಹಳದಿ–ಕಂದು ಬಣ್ಣ ತಳೆಯುತ್ತದೆ. ಕಾಗದದಲ್ಲಿನ ಆಮ್ಲ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಆಗ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸ್ಥೂಲ ನಿಯಮ. ನಮ್ಮ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಸಂದೂಕಿನೊಳಗೆ ಏನು ನಡೆಯುತ್ತದೆಂದು ಊಹಿಸಿಕೊಳ್ಳಿ.

ಬಿಸಿಲಿಗೆ ತೂಗುಹಾಕಿದ ಪುಸ್ತಕದಲ್ಲಿ ಕೆಂಪು, ಹಳದಿ ಶಾಯಿಗಳು ಬೇಗ ಮಾಸಿ ನೀಲಿ, ಕಪ್ಪು ಮಾತ್ರ ಉಳಿಯುತ್ತವೆ. ಮಳೆಗಾಲದ ತೇವಕ್ಕೆ ಪಿನ್ನು ತುಕ್ಕು ಹಿಡಿದು ಹಾಳೆಗೆ ಕಲೆ ಬೀಳುತ್ತದೆ. ಹರಿದ ಜಾಗಕ್ಕೆ ಅಂಟಿಸಿದ ಸೆಲ್ಲೋಟೇಪು ಕೆಲವು ವರ್ಷಗಳಲ್ಲಿ ತಾನೂ ಹಳದಿಯಾಗಿ ಕಾಗದವನ್ನೂ ಕೆಡಿಸುತ್ತದೆ. ಆದ್ದರಿಂದ ಮಾರುವ ಮುನ್ನ ಅಂದ ಮಾಡಲು ಹೋಗಬೇಡಿ. ಟೇಪು ಬೇಡ, ಲ್ಯಾಮಿನೇಷನ್ ಬೇಡ, ಇಸ್ತ್ರಿಯಂತೂ ಬೇಡವೇ ಬೇಡ. ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಒಣಗಿದ ತಂಪು ಜಾಗದಲ್ಲಿ ಇಟ್ಟರೆ ಸಾಕು.

ಅಮೆರಿಕದಲ್ಲಿ 1970ರಿಂದ ಓವರ್‌ಸ್ಟ್ರೀಟ್ ಬೆಲೆಪಟ್ಟಿ ಪ್ರಕಟವಾಗುತ್ತಿದೆ. 2000ದಲ್ಲಿ ಆರಂಭವಾದ ಒಂದು ಸಂಸ್ಥೆ ಕಾಮಿಕ್ಸ್ ಪರೀಕ್ಷಿಸಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತದೆ. ನಮ್ಮ ಮನೆಮಟ್ಟದ ವ್ಯವಹಾರಕ್ಕೆ ಐದು ದರ್ಜೆ ಸಾಕು: ಹೊಸದರಂತಿದೆ, ಚೆನ್ನಾಗಿದೆ, ಸಾಧಾರಣ, ಜೀರ್ಣ, ಅಪೂರ್ಣ. ಒಂದು ಹಾಳೆ ಇಲ್ಲದಿದ್ದರೂ ಅದು 'ಅಪೂರ್ಣ'ವೇ. ಮುಖಪುಟ ಎಷ್ಟು ಹೊಳೆದರೂ ಅದನ್ನು ಮೇಲಿನ ದರ್ಜೆಗೆ ಏರಿಸುವಂತಿಲ್ಲ. ಎರಡು ದರ್ಜೆಗಳ ನಡುವೆ ಅನುಮಾನ ಬಂದರೆ ಕೆಳಗಿನದನ್ನೇ ಹೇಳಿ.

ಮಧ್ಯಾಂಕದ ಮಹಿಮೆ

ಈಗ ಬೆಲೆ. ಅಂತರ್ಜಾಲದಲ್ಲಿ ಮಾರುವವರು ಬರೆದುಕೊಂಡದ್ದು ಕೇಳುವ ಬೆಲೆ, ಮಾರಿದ ಬೆಲೆಯಲ್ಲ. ಒಂದು ಲಕ್ಷವೆಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ನಮಗೆ ಬೇಕಾದದ್ದು ಅದೇ ಪುಸ್ತಕ, ಅದೇ ಭಾಷೆ, ಅದೇ ಮುದ್ರಣ ನಿಜವಾಗಿ ಕೈಬದಲಾದ ಬೆಲೆ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಹರಡುವವರನ್ನು ಕೇಳಬಹುದು, ಮುಗಿದ ಹರಾಜುಗಳನ್ನು ನೋಡಬಹುದು, ಇಬ್ಬರು ಮೂವರು ಸಂಗ್ರಾಹಕರನ್ನು ವಿಚಾರಿಸಬಹುದು.

ಉದಾಹರಣೆಗೆ, 'ಸಾಧಾರಣ' ದರ್ಜೆಯ ಒಂದು ಪುಸ್ತಕ ಐದು ಕಡೆ ಮಾರಾಟವಾದ ಬೆಲೆ 150, 200, 220, 250 ಮತ್ತು 1,500 ರೂಪಾಯಿ ಎಂದುಕೊಳ್ಳೋಣ. ಸರಾಸರಿ 464 ರೂಪಾಯಿ. ಆದರೆ ಐವರಲ್ಲಿ ನಾಲ್ವರು ಕೊಟ್ಟದ್ದು 250ರೊಳಗೆ. ಯಾರೋ ಒಬ್ಬರು ಹಟಕ್ಕೆ ಬಿದ್ದು ಕೊಟ್ಟ 1,500 ಸರಾಸರಿಯನ್ನು ಮೇಲಕ್ಕೆ ಎಳೆದಿದೆ. ಮಧ್ಯಾಂಕ 220. ಇದೇ ನ್ಯಾಯಕ್ಕೆ ಹತ್ತಿರದ ಬೆಲೆ. ಮಧ್ಯಾಂಕ ಏಕೆ ಕಲಿಯಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ಇಲ್ಲಿದೆ ಉತ್ತರ.

ನಿಮ್ಮ ಪ್ರತಿ 'ಜೀರ್ಣ' ದರ್ಜೆಯದಾದರೆ ಅದಕ್ಕೆ ತಕ್ಕಂತೆ ಇಳಿಸಬೇಕು. ಶೇಕಡ 40 ಕಳೆದರೆ 132, ಅಂದರೆ ಸುಮಾರು 130 ರೂಪಾಯಿ. ಎಷ್ಟು ಕಳೆಯಬೇಕೆಂಬುದಕ್ಕೆ ಕಾಯ್ದೆಯೇನೂ ಇಲ್ಲ. ಆದರೆ ಒಮ್ಮೆ ಒಂದು ಕ್ರಮ ಇಟ್ಟುಕೊಂಡರೆ ಎಲ್ಲ ಪುಸ್ತಕಕ್ಕೂ, ಎಲ್ಲ ಗಿರಾಕಿಗೂ ಅದೇ ಕ್ರಮ ಇರಬೇಕು. ಕಾರು ನೋಡಿ ಒಂದು ಬೆಲೆ, ಸೈಕಲ್ ನೋಡಿ ಒಂದು ಬೆಲೆ ಹೇಳಬಾರದು. ಅಂಚೆಯ ಖರ್ಚನ್ನು ಬೇರೆಯಾಗಿ ತೋರಿಸಬೇಕು.

ಕೊಳ್ಳುವಾಗಲೂ ನ್ಯಾಯ ಬೇಡವೇ?

ಮಾರುವಾಗಿನ ಪ್ರಾಮಾಣಿಕತೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಕೊಳ್ಳುವಾಗಿನದು ಅದಕ್ಕಿಂತ ಕಠಿಣ ಪರೀಕ್ಷೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭಾಲ್ಕಿಯವನು. ಓದುತ್ತಲೇ ಹಳೆಯ ಪುಸ್ತಕ ಕೊಂಡು ಮಾರಿ ತನ್ನ ಬಸ್ ಪಾಸಿನ, ಫೀಸಿನ ಖರ್ಚು ಹೊಂದಿಸಿಕೊಳ್ಳುತ್ತಾನೆ. ಔರಾದಿನ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಒಂದು ಚೀಲ ಪುಸ್ತಕ ಮುಂದಿಟ್ಟು, ರದ್ದಿಯ ದರ ಕೊಟ್ಟರೆ ಸಾಕೆಂದರಂತೆ. ಚೀಲದಲ್ಲಿ ಕನ್ನಡದ ಹಳೆಯ ಇಂದ್ರಜಾಲ ಕಾಮಿಕ್ಸ್‌ಗಳಿದ್ದವು. ಕೊಂಡು ತಂದ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನನ್ನ ಹತ್ತಿರ ಬಂದು ಕೇಳಿದ: "ಗುರೂಜಿ, ಆಯಿ ಕೇಳಿದಷ್ಟೇ ಕೊಟ್ಟೀನಿ. ನಾ ಸುಳ್ಳೇನೂ ಹೇಳಿಲ್ಲ. ಇದರಾಗ ತಪ್ಪೇನದ ರೀ?"

"ಸುಳ್ಳು ಹೇಳಿಲ್ಲ ಖರೆ. ಆದರ ನಿನಗ ಗೊತ್ತಿದ್ದದ್ದು ಅವರಿಗೂ ಗೊತ್ತಿದ್ದರ ಅದೇ ಬೆಲಿಗಿ ಕೊಡ್ತಿದ್ದರೇನು?" ಎಂದೆ. ಅವನು ಸುಮ್ಮನಾದ.

ಎಲ್ಲ ವ್ಯಾಪಾರದಲ್ಲೂ ತಿಳಿದವನಿಗೆ ಒಂದಿಷ್ಟು ಲಾಭವಿದೆ. ಅವನ ಓಡಾಟ, ಹುಡುಕಾಟ, ಮಾರಾಟವಾಗದೆ ಉಳಿಯುವ ಪುಸ್ತಕಗಳ ಭಾರ ಇವೆಲ್ಲಕ್ಕೂ ಕೂಲಿ ಸಿಗಬೇಕು. ಆದರೆ ಎದುರಿನವರ ಅಜ್ಞಾನವೇ ಲಾಭದ ಮೂಲವಾದರೆ ಅದು ಕೂಲಿಯಲ್ಲ. ಅವನು ಮತ್ತೆ ಔರಾದಿಗೆ ಹೋಗಿ ಇದ್ದ ವಿಷಯ ಹೇಳಿದ. ಆ ತಾಯಿ ಮಗನ ಹೆಸರು ಬರೆದಿದ್ದ ಮೂರು ಪುಸ್ತಕಗಳನ್ನು ತೆಗೆದಿಟ್ಟುಕೊಂಡು, ಉಳಿದವನ್ನು ಅವನು ಹೇಳಿದ ಹೊಸ ಬೆಲೆಗೆ ಕೊಟ್ಟರು. ಅವನ ಲಾಭ ಅರ್ಧಕ್ಕೆ ಇಳಿಯಿತು. ಆ ತಿಂಗಳ ಫೀಸಿಗೆ ತೊಂದರೆಯೂ ಆಯಿತು. ಪ್ರಾಮಾಣಿಕತೆ ಪುಕ್ಕಟೆ ಸಿಗುವುದಿಲ್ಲ ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು. ಆದರೆ ಇಂದು ಆ ಓಣಿಯಲ್ಲಿ ಸಂದೂಕು ತೆರೆದವರು ರದ್ದಿಯವನಿಗಿಂತ ಮೊದಲು ಅವನಿಗೆ ಫೋನು ಮಾಡುತ್ತಾರೆ.

ಇಂಥ ಸಂದರ್ಭಕ್ಕೆ ಇನ್ನೊಂದು ದಾರಿಯೂ ಇದೆ. ಕೊಳ್ಳದೆ, 'ಮಾರಿಕೊಡುತ್ತೇನೆ, ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತು ನನಗೆ' ಎಂದು ಮೊದಲೇ ಮಾತಾಡಿಕೊಳ್ಳುವುದು. ಆಗ ಬೆಲೆ ಏರಿದರೆ ಇಬ್ಬರಿಗೂ ಲಾಭ.

ನಂಬಿಕೆಯ ಬಂಡವಾಳ

ದೂರದ ಗಿರಾಕಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಲಾರ. ಅವನ ಕಣ್ಣು ನೀವೇ. ಮುಖಪುಟ, ಹಿಂಬದಿ, ಬೆನ್ನು, ಪಿನ್ನು, ಹರಿದ ಹಾಳೆ ಎಲ್ಲದರ ಚಿತ್ರ ಕಳಿಸಿ. ದೋಷವನ್ನು ಮೊದಲು ಹೇಳಿ, ಗುಣವನ್ನು ಆಮೇಲೆ. ನೆರಳಚ್ಚಿನ ಹಾಳೆ ಸೇರಿಸಿದ್ದರೆ, ಮುಖಪುಟ ಬೇರೆ ಪ್ರತಿಯದಾಗಿದ್ದರೆ ಬರೆದೇ ತಿಳಿಸಿ. ಇದು ಬರೀ ನೀತಿಯ ಮಾತಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ವರ್ಣನೆ ನೋಡಿ ಕೊಂಡ ವಸ್ತು ಆ ವರ್ಣನೆಗೆ ಹೊಂದಲೇಬೇಕು. ಹೊಂದದಿದ್ದರೆ ತಕರಾರಿಲ್ಲದೆ ಹಣ ಹಿಂತಿರುಗಿಸುವುದೇ ಮರ್ಯಾದೆ.

ತಂದೆತಾಯಿಗಳು ಗಮನಿಸಬೇಕಾದ ಅಂಶಗಳೂ ಇವೆ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ 1872ರ ಕರಾರು ಕಾಯ್ದೆಯಲ್ಲಿ ಬೆಲೆಯಿಲ್ಲ. ಆದ್ದರಿಂದ ಮಕ್ಕಳ ವ್ಯವಹಾರ ಹಿರಿಯರ ಹೆಸರಿನಲ್ಲಿ, ಹಿರಿಯರ ಕಣ್ಣೆದುರಿನಲ್ಲಿ ನಡೆಯಲಿ. ಹಣ ಕಳಿಸುತ್ತೇನೆಂದು ಹೇಳಿ ಮೊಬೈಲಿನಲ್ಲಿ ಗುಪ್ತಸಂಖ್ಯೆ ಒತ್ತಲು ಕೇಳುವವನು ಮೋಸಗಾರ. ಹಣ ಪಡೆಯಲು ಗುಪ್ತಸಂಖ್ಯೆ ಬೇಕಾಗುವುದೇ ಇಲ್ಲ. ಇನ್ನು ಸಂದೂಕಿನ ಪುಸ್ತಕ ಅಣ್ಣನದೋ ಅಕ್ಕನದೋ ಆಗಿದ್ದರೆ ಅವರನ್ನು ಕೇಳದೆ ಮಾರಬಾರದು. ಕೆಲವು ಪುಸ್ತಕಗಳ ಬೆಲೆ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ.

ನಮ್ಮೂರಿನ ಬಿದ್ರಿ ಕೆಲಸವನ್ನು ನೋಡಿ. ಸತು–ತಾಮ್ರದ ಕಪ್ಪು ಪಾತ್ರೆಯಲ್ಲಿ ಕೂಡಿಸಿದ್ದು ಅಸಲಿ ಬೆಳ್ಳಿಯೋ ಬೇರೆ ಬಿಳಿ ಲೋಹವೋ ಎಂಬುದು ಹೊಸ ಗಿರಾಕಿಗೆ ಒಂದು ನೋಟಕ್ಕೆ ತಿಳಿಯದು. ಅವನು ಕೊಳ್ಳುವುದು ಕುಶಲಕರ್ಮಿಯ ಮಾತನ್ನು ನಂಬಿ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆದರೆ ಆ ಮಾನ್ಯತೆಗೆ ಶತಮಾನಗಳ ಮೊದಲೇ ಅದನ್ನು ಊರೂರಿಗೆ ಒಯ್ದದ್ದು ಮಾಡುವವರ ಕೈಗುಣ ಮತ್ತು ಬಾಯಿಮಾತಿನ ಸಾಚಾತನ. ನೂರು ರೂಪಾಯಿಯ ಚಿತ್ರಕಥೆ ಮಾರುವ ಹುಡುಗನಿಗೂ ಅದೇ ನಿಯಮ. ಮಾರಿದ ಪುಸ್ತಕ ಒಂದು ದಿನ ಕೈಬಿಟ್ಟು ಹೋಗುತ್ತದೆ, ಅದರ ಜೊತೆ ಆಡಿದ ಮಾತು ಊರಲ್ಲೇ ಉಳಿಯುತ್ತದೆ.