ಪಶುವೈದ್ಯ ವೃತ್ತಿಯೂ ನಮ್ಮ ಹೆಣ್ಣುಮಕ್ಕಳೂ

ಶಾಲೆಯ ವಿದ್ಯಾಭ್ಯಾಸವು ಮುಗಿಯುತ್ತ ಬಂದ ಹುಡುಗಿಯನ್ನು ಮುಂದೇನು ಓದುವೆಯೆಂದು ಕೇಳಿದರೆ, ಉಪಾಧ್ಯಾಯಿನಿಯಾಗುವೆನು, ದಾದಿಯಾಗುವೆನು, ವೈದ್ಯಳಾಗುವೆನು ಎಂದು ಹೇಳುವುದು ವಾಡಿಕೆ. ದನಕುರಿಗಳ ವೈದ್ಯಳಾಗುವೆನೆಂದು ಹೇಳಿದರೆ ತಾಯಿತಂದೆಗಳ ಮುಖವು ಬಾಡುವುದುಂಟು. ಸಗಣಿ ಗಂಜಲಗಳ ನಡುವೆ, ಕೊಂಬು ಗೊರಸುಗಳೆದುರಿಗೆ ಮಾಡುವ ಕೆಲಸವು ಹೆಣ್ಣಿಗೇಕೆಂಬುದು ಅವರ ಶಂಕೆ. ಅದನ್ನು ಹಗುರವಾಗಿ ಕಾಣದೆ, ಈ ವೃತ್ತಿಯತ್ತ ಮನಸ್ಸನ್ನೆಳೆಯುವ ಕಾರಣಗಳಾವುವು, ಅವುಗಳಲ್ಲಿ ಕಡೆಯವರೆಗೂ ನಿಲ್ಲತಕ್ಕವು ಯಾವುವು ಎಂಬುದನ್ನು ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಈ ಎರಡು ತಾಲ್ಲೂಕುಗಳಲ್ಲಿ ಮಳೆಯು ಬಹು ಕಡಿಮೆ. ಕಡಲೆಕಾಯಿಯ ಬೆಳೆ ಕೈಕೊಟ್ಟ ವರ್ಷ ಎಷ್ಟೋ ಸಂಸಾರಗಳನ್ನು ಕಾಯುವುದು ಕುರಿಯ ಹಿಂಡೇ. ಆ ಕುರಿಗಳ ಉಣ್ಣೆಯಿಂದಲೇ ಚಳ್ಳಕೆರೆಯ ಕಂಬಳಿಗೆ ಹೆಸರು ಬಂದಿತು. ಮ್ಯಾಸನಾಯಕರು ದೇವರ ಎತ್ತುಗಳನ್ನು ನೇಗಿಲಿಗೆ ಹೂಡದೆ, ಕಿಲಾರಿಗಳ ವಶದಲ್ಲಿಟ್ಟು ಭಕ್ತಿಯಿಂದ ಸಾಕುತ್ತಾರೆ. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳೂ ಇಲ್ಲಿಯೇ ಇವೆ. 2010ರ ಆಸುಪಾಸಿನಲ್ಲಿ ಅವುಗಳ ಸಾವಿರಾರು ಎಕರೆಗಳು ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಸ್ಥೆಗಳಿಗೂ ಸಂದುದರಿಂದ ಮೇವಿನ ನೆಲವು ಕುಗ್ಗಿತು. ಮೇವು ಕುಗ್ಗಿದಲ್ಲಿ ಒಂದೊಂದು ಪ್ರಾಣಿಯ ಆರೋಗ್ಯಕ್ಕೂ ಬೆಲೆ ಹೆಚ್ಚುವುದು ಸಹಜವಷ್ಟೆ.

ಮೊದಲನೆಯ ಕಾರಣವು ದಯೆ. ಇದು ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ, ಬಿ. ಎಲ್. ರೈಸರು 1892ರಲ್ಲಿ ಅದನ್ನು ಬೆಳಕಿಗೆ ತಂದರು. ತಾಯಿತಂದೆಗಳ ಸೇವೆ, ಸತ್ಯವಚನ ಇವುಗಳೊಡನೆ ಪ್ರಾಣಿಗಳಲ್ಲಿ ದಯೆಯು ದೃಢವಾಗಿರಬೇಕೆಂಬ ಉಪದೇಶವೂ ಆ ಬಂಡೆಯಲ್ಲಿದೆ. ಬೇರೆಡೆಗಳಲ್ಲಿ ದೊರೆತಿರುವ ಎರಡನೆಯ ಮುಖ್ಯ ಶಿಲಾಶಾಸನದಲ್ಲಿ, ಮನುಷ್ಯರಿಗೊಂದು ಪಶುಗಳಿಗೊಂದು ಹೀಗೆ ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿದ್ದಾಗಿ ಅದೇ ಚಕ್ರವರ್ತಿಯು ಹೇಳಿಕೊಂಡಿದ್ದಾನೆ.

ಆದರೆ ದಯೆಯೊಂದೇ ಸಾಲದು. ಅದಕ್ಕೆ ಜ್ಞಾನದ ಬೆಂಬಲವಿರಬೇಕು. ಇದೇ ಎರಡನೆಯ ಕಾರಣ. ಕುರಿಗಳಿಗೆ ಬರುವ ಕರುಳುಬೇನೆಯನ್ನು ನೋಡಿರಿ. ಬೇಸಗೆಯೆಲ್ಲ ಒಣಹುಲ್ಲು ಮೇಯ್ದ ಹಿಂಡು ಮೊದಲ ಮಳೆಗೆ ಚಿಗುರಿದ ಎಳೆಹುಲ್ಲನ್ನು ಹೊಟ್ಟೆ ಬಿರಿಯೆ ಮೇಯುತ್ತದೆ. ಕರುಳಿನಲ್ಲಿ ಮೊದಲೇ ಇದ್ದ ಸೂಕ್ಷ್ಮಜೀವಿಗಳು ಈ ಹೊಸ ಆಹಾರದಿಂದ ಒಮ್ಮೆಲೆ ಬೆಳೆದು ವಿಷವನ್ನುಂಟುಮಾಡುತ್ತವೆ. ಸಾಯಂಕಾಲ ಚೆನ್ನಾಗಿದ್ದ ಕುರಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಅದೂ ಹಿಂಡಿನಲ್ಲಿ ಪುಷ್ಟವಾದ ಮರಿಯೇ ಮೊದಲು. ಇದನ್ನು ದೃಷ್ಟಿ ತಾಕಿತೆಂದು ನಂಬಿದವರು ಹಲವರು. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಿ, ಹೊಸ ಹುಲ್ಲನ್ನು ಮಿತವಾಗಿ ಮೇಯಿಸಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಕಣ್ಣೀರು ಮಾಡಲಾರದ ಕೆಲಸವನ್ನು ಸಕಾಲದ ಒಂದು ಚುಚ್ಚುಮದ್ದು ಮಾಡುತ್ತದೆ.

ಮೂರನೆಯದು ಲೋಕೋಪಕಾರ. ಹಿಂದೆ ದೊಡ್ಡರೋಗವು ಬಂದರೆ ಊರಿನ ಕೊಟ್ಟಿಗೆಗಳೇ ಬರಿದಾಗುತ್ತಿದ್ದವು. ಅದನ್ನು ತಡೆಯುವ ಸೀರಮ್ಮಿಗಾಗಿ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಮ್ ಸಂಸ್ಥೆಯು ಸ್ಥಾಪಿತವಾಯಿತು. ಅನೇಕ ದೇಶಗಳ ಪಶುವೈದ್ಯರ ದೀರ್ಘಶ್ರಮದಿಂದ 2011ರಲ್ಲಿ ಆ ರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ತರುವಾಯ ಹೀಗೆ ಅಳಿದುಹೋದ ರೋಗವು ಇದೊಂದೇ. ಹುಚ್ಚುನಾಯಿ ರೋಗ, ನೆರಡಿ ಮೊದಲಾದವು ಪಶುವಿನಿಂದ ಮನುಷ್ಯರಿಗೆ ಅಂಟತಕ್ಕವು. ಆದಕಾರಣ ಪಶುವೈದ್ಯರು ಮನೆಮಂದಿಯ ಪ್ರಾಣವನ್ನೂ ಕಾಯುತ್ತಾರೆ.

ಹೆಣ್ಣಿಗೆ ಇದು ಸಲ್ಲುವುದೇ ಎಂಬ ಪ್ರಶ್ನೆ ಉಳಿಯಿತು. ಐರ್ಲೆಂಡಿನ ಆಲೀನ್ ಕಸ್ಟ್ ಎಂಬಾಕೆಯು 1900ರಲ್ಲಿಯೇ ವ್ಯಾಸಂಗ ಮುಗಿಸಿದರೂ, ಸ್ತ್ರೀಯೆಂಬ ಕಾರಣದಿಂದ ಅಧಿಕೃತ ಮನ್ನಣೆಗೆ 1922ರವರೆಗೆ ಕಾಯಬೇಕಾಯಿತು. ಆಕೆ ಆ ವರ್ಷಗಳಲ್ಲಿ ಸುಮ್ಮನೆ ಕುಳಿತಿರದೆ ಹಳ್ಳಿಗಾಡಿನ ಪಶುಗಳಿಗೆ ಚಿಕಿತ್ಸೆ ಮಾಡುತ್ತಲೇ ಇದ್ದಳು. ನಮ್ಮ ದೇಶದಲ್ಲಿ ಸಕ್ಕೂಬಾಯಿ ರಾಮಚಂದ್ರನ್ ಅವರು 1952ರಲ್ಲಿ ಮದರಾಸಿನ ಕಾಲೇಜಿನಿಂದ ಪದವಿ ಪಡೆದು ಮೊದಲ ಪಶುವೈದ್ಯೆಯೆನಿಸಿಕೊಂಡರು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯ ಕಾಲೇಜು ತೆರೆಯಿತು. ಇಂದು ಇಂಥ ಕಾಲೇಜುಗಳಲ್ಲಿ ಹುಡುಗಿಯರು ಓದುವುದು ಆಶ್ಚರ್ಯದ ಸಂಗತಿಯಲ್ಲ. ಮೇಲಾಗಿ, ನಮ್ಮ ಹಳ್ಳಿಗಳಲ್ಲಿ ಹಾಲು ಕರೆಯುವವಳೂ, ಮರಿಗಳಿಗೆ ಸೊಪ್ಪು ಹಾಕುವವಳೂ, ಮೇವು ಬಿಟ್ಟ ಹಸುವನ್ನು ಮೊದಲು ಕಂಡುಕೊಳ್ಳುವವಳೂ ಮನೆಯಾಕೆಯೇ. ಅವಳು ಸಂಕೋಚವಿಲ್ಲದೆ ಹೇಳಿಕೊಳ್ಳುವುದು ಇನ್ನೊಬ್ಬ ಹೆಣ್ಣಿನೊಡನೆ.

ಕಷ್ಟಗಳನ್ನು ಮುಚ್ಚಿಡಬಾರದು. ವ್ಯಾಸಂಗವು ಐದೂವರೆ ವರ್ಷ. ನಡುರಾತ್ರಿ ಕರು ಅಡ್ಡಬಿದ್ದ ಹಸುವಿನ ಬಳಿಗೆ ಹೋಗಬೇಕು, ಒದೆ ತಿನ್ನಬೇಕು. ಕುರಿಯ ಬೆಲೆಗಿಂತ ಔಷಧದ ಬೆಲೆ ಹೆಚ್ಚಾದಾಗ ಬಡವನಿಗೆ ಏನು ಹೇಳಬೇಕೆಂದು ತಿಳಿಯದ ಗಳಿಗೆಗಳೂ ಬರುತ್ತವೆ. ನಾಯಿಮರಿಯನ್ನು ಮುದ್ದಾಡುವ ಪ್ರೀತಿಯೊಂದನ್ನೇ ನೆಚ್ಚಿ ಹೋದವಳು ಇಲ್ಲಿ ಬೇಗನೆ ಬೇಸರಗೊಳ್ಳುವಳು. ನೋವು ಎಲ್ಲಿದೆಯೆಂದು ಹೇಳಲಾರದ ಪ್ರಾಣಿಯ ನೋವನ್ನು ಕಣ್ಣಿನಿಂದಲೂ ಕೈಯಿಂದಲೂ ತಾಳ್ಮೆಯಿಂದ ಓದಬಲ್ಲವಳು ನಿಲ್ಲುವಳು.

ಆದುದರಿಂದ ತಾಯಿತಂದೆಗಳೇ, ನಿಮ್ಮ ಮಗಳು ಈ ಮಾತನ್ನೆತ್ತಿದ ದಿನ ನಗಬೇಡಿರಿ, ಗದರಿಸಬೇಡಿರಿ. ಸಮೀಪದ ಪಶು ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗಿ, ಒಂದು ದಿನದ ಕೆಲಸವನ್ನು ತೋರಿಸಿರಿ. ಸಾಯಂಕಾಲ ಮನೆಗೆ ಬಂದ ಮೇಲೆಯೂ ಅವಳ ಇಚ್ಛೆಯು ಹಾಗೆಯೇ ಇದ್ದರೆ, ಅದು ಹುಡುಗಾಟವಲ್ಲವೆಂದು ತಿಳಿದು ಅವಳನ್ನು ಹರಸಿ ಕಳುಹಿಸಿರಿ.