ನೀರಿಗೆ ಎಷ್ಟು ಹೊತ್ತು ನೆನಪಿರುತ್ತೆ?

ಲೋಟದಲ್ಲಿರೋ ನೀರು ಹೊರಗಿಂದ ಸುಮ್ಮನೆ ಕೂತ ಹಾಗೆ ಕಾಣುತ್ತೆ. ಆದರೆ ಒಳಗೆ ಪ್ರತಿಯೊಂದು ಓ-ಹೆಚ್ ಬಾಂಡ್ ಸ್ಪ್ರಿಂಗ್ ಥರ ಹಿಗ್ಗಿ ಕುಗ್ಗುತ್ತಿರುತ್ತದೆ. ಒಂದು ಕಂಪನಕ್ಕೆ ಸುಮಾರು 10 ಫೆಮ್ಟೊಸೆಕೆಂಡ್ ಸಾಕು. ಅಂದ್ರೆ ಸೆಕೆಂಡಿಗೆ ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು ಸಲ!

ಇನ್ಫ್ರಾರೆಡ್ ಬೆಳಕು ಹಾಯಿಸಿದರೆ ಸೆಂಟಿಮೀಟರಿಗೆ 3400 ಅಲೆಗಳ ಆಸುಪಾಸಿನಲ್ಲಿ ಇದರ ಪೀಕ್ ಸಿಗುತ್ತೆ. ಆದರೆ ಅದು ಚೂಪಾಗಿಲ್ಲ, ಗುಡ್ಡದ ಹಾಗೆ ಅಗಲ. ಯಾಕೆ?

ನೂರು ತಂಬೂರಿ ಒಟ್ಟಿಗೆ ಮೀಟಿದಾಗ ಶ್ರುತಿ ಕಲಸಿಹೋಗಿದೆ ಅಂದುಕೊಳ್ಳಿ. ಕಾರಣ ಎರಡಿರಬಹುದು. ಒಂದೊಂದು ತಂಬೂರಿಯ ಶ್ರುತಿಯೂ ಬೇರೆ ಬೇರೆ ಇದ್ದು, ಹಾಗೇ ನಿಂತಿರಬಹುದು. ಇಲ್ಲವೇ ಪ್ರತಿಯೊಂದರ ಶ್ರುತಿಯೂ ಕ್ಷಣಕ್ಷಣಕ್ಕೂ ಜಾರುತ್ತಿರಬಹುದು. ಒಟ್ಟು ಸದ್ದು ಕೇಳಿದರೆ ಯಾವುದು ಅಂತ ಹೇಳೋಕಾಗಲ್ಲ. ನೀರಿನಲ್ಲೂ ಅಷ್ಟೇ: ಹೈಡ್ರೋಜನ್ ಬಾಂಡ್ ಗಟ್ಟಿಯಾದಷ್ಟೂ ಓ-ಹೆಚ್ ಕಂಪನದ ಫ್ರೀಕ್ವೆನ್ಸಿ ಇಳಿಯುತ್ತದೆ. ಆದರೆ ಆ ಬಾಂಡ್ ಹಾಗೇ ಇರುತ್ತಾ, ಬದಲಾಗುತ್ತಾ ಅನ್ನೋದನ್ನ ಮಾಮೂಲಿ ಸ್ಪೆಕ್ಟ್ರಮ್ ಹೇಳಲ್ಲ.

ಇಲ್ಲೇ ನಾನ್‌ಲೀನಿಯರ್ ಲೇಸರ್ ಬೇಕಾಗೋದು. ಬೆಳಕು ತೀವ್ರವಾದಾಗ ಅಣುಗಳ ಪ್ರತಿಕ್ರಿಯೆಯಲ್ಲಿ ವಿದ್ಯುತ್ ಕ್ಷೇತ್ರದ ವರ್ಗ, ಘನಗಳ ಪದಗಳೂ ಸೇರುತ್ತವೆ. ದ್ರವದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ತಿರುಗಿರುವುದರಿಂದ ವರ್ಗದ ಪದ ಸಾಮಾನ್ಯವಾಗಿ ಸೊನ್ನೆ. ಉಳಿಯೋದು ಘನದ ಪದ, ಅಂದರೆ ಬೆಳಕು ಅಣುವನ್ನು ಮೂರು ಸಲ ತಟ್ಟಬೇಕು.

ಟು-ಡಿ ಇನ್ಫ್ರಾರೆಡ್ ವಿಧಾನದಲ್ಲಿ ಮೊದಲೆರಡು ಪಲ್ಸ್‌ಗಳು ಪ್ರತಿ ಬಾಂಡಿಗೂ ‘ಈಗ ನಿನ್ನ ಫ್ರೀಕ್ವೆನ್ಸಿ ಎಷ್ಟು?’ ಅಂತ ಗುರುತು ಹಾಕುತ್ತವೆ. ಸ್ವಲ್ಪ ಕಾದು ಮೂರನೆಯದು ‘ಈಗೆಷ್ಟು?’ ಅಂತ ಕೇಳುತ್ತದೆ. ಮೊದಲ ಉತ್ತರ ಒಂದು ಆಕ್ಸಿಸ್, ಎರಡನೆಯದು ಇನ್ನೊಂದು. ಎರಡೂ ಒಂದೇ ಆಗಿದ್ದರೆ ಚಿತ್ರ ಡಯಾಗನಲ್ ಉದ್ದಕ್ಕೂ ಎಳೆದಂತಿರುತ್ತದೆ. ಬಾಂಡಿಗೆ ಹಳೆಯದು ಮರೆತುಹೋಗಿದ್ದರೆ ದುಂಡಗಾಗುತ್ತದೆ. ಕಾಯುವ ಸಮಯ ಹೆಚ್ಚಿಸುತ್ತಾ ಹೋದರೆ ಮರೆವು ಎಷ್ಟು ಬೇಗ ಅಂತ ಅಳೆಯಬಹುದು.

ಬರೀ ನೀರಿನಲ್ಲಿ ಒಂದು ತೊಂದರೆ: ಕಂಪನದ ಶಕ್ತಿ ಪಕ್ಕದ ಅಣುವಿಗೆ ಹಾರಿಬಿಡುತ್ತೆ. ಅದಕ್ಕೇ ಭಾರಜಲಕ್ಕೆ ಚೂರೇ ಚೂರು ನೀರು ಬೆರೆಸಿ ಓ-ಹೆಚ್‌ಗಳನ್ನು ಒಂಟಿ ಮಾಡುತ್ತಾರೆ. ಉತ್ತರ: ಸುಮಾರು ಒಂದು ಪಿಕೊಸೆಕೆಂಡಿನಲ್ಲಿ, ಅಂದ್ರೆ ನೂರು ಕಂಪನ ಮುಗಿಯೋದರೊಳಗೆ, ಬಾಂಡ್ ತನ್ನ ಮೊದಲಿನ ಫ್ರೀಕ್ವೆನ್ಸಿಯನ್ನು ಹೆಚ್ಚುಕಡಿಮೆ ಮರೆತಿರುತ್ತದೆ.

1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ವಿಕಿರಣದ ಬಗ್ಗೆ ಬೆಂಗಳೂರಿನಲ್ಲೇ ಉಪನ್ಯಾಸ ಕೊಟ್ಟರು. ದ್ರವದಿಂದ ಚದುರಿದ ಬೆಳಕು ಅಣುವಿನ ಕಂಪನ ಎಷ್ಟು ಅಂತ ಹೇಳುತ್ತದೆ ಅನ್ನೋದು ಆಗ ಗೊತ್ತಾಯಿತು. ಆ ಕಂಪನ ಎಷ್ಟು ಹೊತ್ತು ಹಾಗೇ ಇರುತ್ತೆ ಅಂತ ಕೇಳೋಕೆ ಫೆಮ್ಟೊಸೆಕೆಂಡ್ ಲೇಸರ್ ಬರಬೇಕಾಯಿತು. ಉಪ್ಪು ನೀರಲ್ಲಿ ಕರಗೋದು, ಪ್ರೋಟೀನ್ ಮಡಚಿಕೊಳ್ಳೋದು ಎಲ್ಲವೂ ನಡೆಯೋದು ಈ ಮರೆಗುಳಿ ನೀರಿನ ನಡುವೆಯೇ.