ಹೆಕ್ಸಾಪ್ಲಾ: ಆರು ಅಂಕಣಗಳಲ್ಲಿ ಹಳೆಯ ಒಡಂಬಡಿಕೆ

ಕ್ರೈಸ್ತ ಧರ್ಮದ ಆರಂಭದ ಶತಮಾನಗಳಲ್ಲಿ ಬೈಬಲ್ಲಿನ ಪಾಠವನ್ನು ಪದಪದವಾಗಿ ಹೋಲಿಸಿ ಪರಿಶೀಲಿಸಲು ನಡೆದ ಪ್ರಯತ್ನಗಳಲ್ಲಿ ಹೆಕ್ಸಾಪ್ಲಾ ಎಂಬ ಗ್ರಂಥಕ್ಕೆ ಸಮನಾದುದು ಇನ್ನೊಂದಿಲ್ಲ. ಅದರ ಕರ್ತೃವಾದ ಒರಿಜೆನನು ಕ್ರಿ.ಶ. 185ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿ, ಹದಿಹರೆಯದಲ್ಲೇ ತಂದೆಯನ್ನು ರೋಮನ್ ಆಡಳಿತದ ಧಾರ್ಮಿಕ ದಮನದಲ್ಲಿ ಕಳೆದುಕೊಂಡು, ಅಲ್ಲಿಯ ಕ್ರೈಸ್ತ ಶಾಲೆಯಲ್ಲಿ ಅಧ್ಯಾಪಕನಾಗಿ ಹೆಸರು ಗಳಿಸಿ, ಬಿಷಪ್ಪನೊಡನೆ ವಿರಸ ಬೆಳೆದ ಮೇಲೆ 230ರ ದಶಕದ ಆರಂಭದಲ್ಲಿ ಪ್ಯಾಲೆಸ್ತೀನಿನ ಕೈಸರೈಯಕ್ಕೆ ಬಂದು ನೆಲೆಸಿದನು. ಪೇತ್ರನ ಉಪದೇಶ ಕೇಳಿ ಶತಾಧಿಪತಿ ಕೊರ್ನೇಲ್ಯನು ದೀಕ್ಷಾಸ್ನಾನ ಪಡೆದದ್ದೂ ಪೌಲನು ಎರಡು ವರ್ಷ ಸೆರೆಯಲ್ಲಿದ್ದದ್ದೂ ಇಲ್ಲಿಯೇ ಎಂದು ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ; ಯೆಹೂದಿ ರಬ್ಬಿಗಳೂ ಗ್ರೀಕ್ ಬಲ್ಲ ಪಂಡಿತರೂ ಒಟ್ಟಿಗಿದ್ದ ಆ ರೇವುಪಟ್ಟಣವು ಒರಿಜೆನನ ಕೆಲಸಕ್ಕೆ ತಕ್ಕ ನೆಲೆಯಾಯಿತು.

ಆಗಿನ ಕ್ರೈಸ್ತರು ಹಳೆಯ ಒಡಂಬಡಿಕೆಯನ್ನು ಬಹುಪಾಲು ಓದುತ್ತಿದ್ದುದು ಸೆಪ್ಟುಅಜಿಂಟ್ ಎಂಬ ಗ್ರೀಕ್ ಅನುವಾದದಲ್ಲಿ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಯೆಹೂದಿಗಳು ಆರಂಭಿಸಿದ ಈ ಅನುವಾದವು ಲಿಪಿಕಾರರ ಕೈಯಲ್ಲಿ ನಕಲಾಗುತ್ತ ಪಾಠಾಂತರಗಳಿಂದ, ಎಂದರೆ ಒಂದೇ ವಾಕ್ಯದ ಭಿನ್ನ ರೂಪಗಳಿಂದ, ತುಂಬಿಹೋಗಿತ್ತಲ್ಲದೆ ಯೆಹೂದಿಗಳ ಬಳಿಯಿದ್ದ ಹೀಬ್ರೂ ಪಾಠಕ್ಕೂ ಅನೇಕ ಕಡೆ ಹೊಂದುತ್ತಿರಲಿಲ್ಲ. ಎರಡು ಸಮುದಾಯಗಳ ನಡುವೆ ವಾದ ನಡೆದಾಗ ಒಬ್ಬರು ಉದ್ಧರಿಸಿದ ವಚನವು ಇನ್ನೊಬ್ಬರ ಪ್ರತಿಯಲ್ಲಿ ಇಲ್ಲದಿರುವುದುಂಟಾಗಿದ್ದರಿಂದ, ಎಲ್ಲ ಪಾಠಗಳನ್ನೂ ಒಂದೆಡೆ ತರುವುದು ಒರಿಜೆನನಿಗೆ ಅಗತ್ಯವೆಂದು ತೋರಿತು.

ಹೆಕ್ಸಾಪ್ಲಾದ ಪುಟದಲ್ಲಿ ಆರು ಅಂಕಣಗಳು ಅಕ್ಕಪಕ್ಕದಲ್ಲಿರುತ್ತಿದ್ದವು. ಮೊದಲನೆಯದರಲ್ಲಿ ಹೀಬ್ರೂ ಪಾಠ, ಎರಡನೆಯದರಲ್ಲಿ ಅದರ ಉಚ್ಚಾರಣೆ ಗ್ರೀಕ್ ಅಕ್ಷರಗಳಲ್ಲಿ, ಮೂರನೆಯದರಲ್ಲಿ ಮೂಲದ ಪದಕ್ಕೆ ಪದವಿಟ್ಟು ಸಾಗುವ ಅಕ್ವಿಲಾನ ಅನುವಾದ, ನಾಲ್ಕನೆಯದರಲ್ಲಿ ಗ್ರೀಕಿನ ಜಾಯಮಾನಕ್ಕೆ ಒಗ್ಗಿದ ಸಿಮ್ಮಾಕಸನ ಅನುವಾದ, ಐದನೆಯದರಲ್ಲಿ ಸೆಪ್ಟುಅಜಿಂಟ್, ಆರನೆಯದರಲ್ಲಿ ಥಿಯೊಡೋಶನನ ಅನುವಾದ. ಹೀಬ್ರೂ ಬರವಣಿಗೆಯಲ್ಲಿ ಸ್ವರಚಿಹ್ನೆಗಳು ಬಳಕೆಗೆ ಬಂದದ್ದು ಹಲವು ಶತಮಾನಗಳ ನಂತರವಾದ್ದರಿಂದ, ಎರಡನೆಯ ಅಂಕಣದ ಉಳಿದ ತುಣುಕುಗಳು ಆ ಭಾಷೆಯ ಪ್ರಾಚೀನ ಉಚ್ಚಾರಣೆಗೆ ಇಂದಿಗೂ ಅಮೂಲ್ಯ ಆಧಾರಗಳಾಗಿವೆ.

ಒರಿಜೆನನ ವಿದ್ವತ್ತಿನ ನಿಜವಾದ ಹಿರಿಮೆ ಕಾಣುವುದು ಐದನೆಯ ಅಂಕಣದಲ್ಲಿ. ಅಲೆಕ್ಸಾಂಡ್ರಿಯದ ಪಂಡಿತರು ಹೋಮರನ ಕಾವ್ಯಗಳ ಸಂಪಾದನೆಯಲ್ಲಿ ಬಳಸಿದ್ದ ಚಿಹ್ನೆಗಳನ್ನು ಅವನು ಇಲ್ಲಿಗೆ ತಂದು, ಗ್ರೀಕಿನಲ್ಲಿದ್ದು ಹೀಬ್ರೂವಿನಲ್ಲಿಲ್ಲದ ಭಾಗಕ್ಕೆ ಒಬೆಲಸ್ ಎಂಬ ಅಡ್ಡಗೀಟನ್ನೂ, ಹೀಬ್ರೂವಿನಲ್ಲಿದ್ದು ಗ್ರೀಕಿನಲ್ಲಿ ಬಿಟ್ಟುಹೋದ ಭಾಗವನ್ನು ಬೇರೆ ಅನುವಾದದಿಂದ ತುಂಬಿದಾಗ ಅದಕ್ಕೆ ನಕ್ಷತ್ರಚಿಹ್ನೆಯನ್ನೂ ಇಟ್ಟನು. ಯೋಬನ ಗ್ರಂಥದ ಹಳೆಯ ಗ್ರೀಕ್ ಪಾಠವು ಹೀಬ್ರೂವಿಗಿಂತ ಸುಮಾರು ಆರನೇ ಒಂದು ಭಾಗದಷ್ಟು ಚಿಕ್ಕದಾಗಿದ್ದುದರಿಂದ ಅಲ್ಲಿ ಇಂಥ ನಕ್ಷತ್ರಗಳು ನೂರಾರು ಸಾಲುಗಳಿಗೆ ಬೇಕಾದವು. ಹೀಬ್ರೂವಿನಲ್ಲಿಲ್ಲದ ಭಾಗಗಳನ್ನು ತೆಗೆದುಹಾಕುವ ಧೈರ್ಯ ಸಾಲದೆ ಅವುಗಳಿಗೆ ಗುರುತು ಮಾತ್ರ ಹಾಕಿದೆನೆಂದು ಮತ್ತಾಯನ ಸುವಾರ್ತೆಯ ವ್ಯಾಖ್ಯಾನದಲ್ಲಿ ಅವನೇ ತಿಳಿಸಿದ್ದಾನೆ.

ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ ಚಿತ್ರಹಿಂಸೆಗೊಳಗಾಗಿ ಒರಿಜೆನನು 254ರ ಸುಮಾರಿಗೆ ತೀರಿಕೊಂಡ ಬಳಿಕ, ಕೈಸರೈಯದ ಗ್ರಂಥಾಲಯವನ್ನು ಪಾಂಫಿಲಸನೂ ಚರ್ಚ್ ಇತಿಹಾಸಕಾರ ಯುಸೀಬಿಯಸನೂ ಪೋಷಿಸಿ ಬೆಳೆಸಿದರು. ಆದರೆ ಬೃಹತ್ತಾದ ಹೆಕ್ಸಾಪ್ಲಾವನ್ನು ಇಡಿಯಾಗಿ ನಕಲಿಸುವುದು ದುಸ್ಸಾಧ್ಯವಾಗಿ, ಐದನೆಯ ಅಂಕಣವೊಂದೇ ಹೆಚ್ಚಾಗಿ ಪ್ರಚಾರಕ್ಕೆ ಬಂತು. ಮುಂದಿನ ಲಿಪಿಕಾರರು ಚಿಹ್ನೆಗಳ ಮಹತ್ವವರಿಯದೆ ಅವನ್ನು ಬಿಟ್ಟುಬಿಟ್ಟಾಗ, ಹಳೆಯ ಅನುವಾದ ಯಾವುದು, ಒರಿಜೆನನು ಸೇರಿಸಿದ್ದು ಯಾವುದು ಎಂಬುದು ಕಲಸಿಹೋಗಿ, ಗೊಂದಲ ಕಳೆಯಲೆಂದು ಹುಟ್ಟಿದ ಪಾಠವೇ ಹೊಸ ಗೊಂದಲಕ್ಕೆ ಕಾರಣವಾಯಿತು. ತೆಲ್ಲಾದ ಬಿಷಪ್ ಪೌಲನು 616–617ರಲ್ಲಿ ಅಲೆಕ್ಸಾಂಡ್ರಿಯದ ಹತ್ತಿರ ಸಿರಿಯಾಕ್ ಭಾಷೆಗೆ ಮಾಡಿದ ಅನುವಾದವು ಚಿಹ್ನೆಗಳನ್ನು ನಿಷ್ಠೆಯಿಂದ ಉಳಿಸಿಕೊಂಡದ್ದರಿಂದ ವಿದ್ವಾಂಸರಿಗೆ ಮುಖ್ಯ ಆಸರೆಯಾಗಿದೆ. 1896ರಲ್ಲಿ ಜೊವಾನ್ನಿ ಮೆರ್ಕಾತಿಯು ಮಿಲಾನ್ ನಗರದ ಅಂಬ್ರೋಸಿಯನ್ ಗ್ರಂಥಾಲಯದಲ್ಲಿ, ಮೊದಲ ಬರಹವನ್ನು ಅಳಿಸಿ ಮೇಲೆ ಬೇರೊಂದು ಗ್ರಂಥವನ್ನು ಬರೆದಿದ್ದ ಚರ್ಮಪತ್ರಗಳ ಅಡಿಯಲ್ಲಿ, ಕೀರ್ತನೆಗಳ ಹೆಕ್ಸಾಪ್ಲಾ ಪಾಠವನ್ನು ಗುರುತಿಸಿದನು.

ತನ್ನ ಕಾಲದ ಹೀಬ್ರೂ ಪಾಠವೇ ಸೆಪ್ಟುಅಜಿಂಟ್ ಅನುವಾದಕರ ಮುಂದೆಯೂ ಇತ್ತೆಂದು ಭಾವಿಸಿದ್ದು ಒರಿಜೆನನ ಮಿತಿ. 1952ರಲ್ಲಿ ಮೃತ ಸಮುದ್ರದ ದಡದ ಕುಮ್ರಾನಿನ ನಾಲ್ಕನೆಯ ಗವಿಯಲ್ಲಿ ದೊರೆತ ಯೆರೆಮೀಯನ ಗ್ರಂಥದ ಹೀಬ್ರೂ ತುಣುಕೊಂದರಲ್ಲಿ, ಗ್ರೀಕ್ ಅನುವಾದದಲ್ಲಿರುವಂತೆಯೇ, 10ನೇ ಅಧ್ಯಾಯದ 6ರಿಂದ 8ರವರೆಗಿನ ವಚನಗಳಿಗೂ 10ನೇ ವಚನಕ್ಕೂ ಎಡೆಯಿಲ್ಲ. ಎಂದರೆ ಅನುವಾದಕರು ಇವನ್ನು ಕೈಬಿಟ್ಟಿರಲಿಲ್ಲ, ಅವರ ಮುಂದಿದ್ದ ಹೀಬ್ರೂ ಪ್ರತಿಯೇ ಬೇರೆಯದಾಗಿತ್ತು. ಒರಿಜೆನನ ಊಹೆ ಇಂಥ ಕಡೆ ತಪ್ಪಿದ್ದರೂ ಅವನ ಪದ್ಧತಿ ತಪ್ಪಲಿಲ್ಲ, ಏಕೆಂದರೆ ಸೇರಿಸಿದ್ದಕ್ಕೆ ಗುರುತಿಟ್ಟು, ಒಪ್ಪದ್ದನ್ನೂ ಅಳಿಸದೆ ಉಳಿಸಿದ್ದರಿಂದ ಅವನ ತೀರ್ಮಾನವನ್ನು ಮುಂದಿನವರು ಮರುಪರಿಶೀಲಿಸುವುದಕ್ಕೆ ದಾರಿ ತೆರೆದೇ ಇತ್ತು. ಪವಿತ್ರವೆಂದು ನಂಬಿದ ಗ್ರಂಥದ ಬಗೆಗಿನ ಭಕ್ತಿಯೂ ಅದರ ಪಾಠವನ್ನು ಪ್ರಶ್ನಿಸುವ ಪಾಂಡಿತ್ಯವೂ ಒಬ್ಬನಲ್ಲೇ ಕೂಡಿ ಕೆಲಸ ಮಾಡಬಲ್ಲವೆಂಬುದಕ್ಕೆ ಹೆಕ್ಸಾಪ್ಲಾ ಸಾಕ್ಷಿಯಾಗಿದೆ.